ಮಾಡಿದ ಕೈಯೇ ಮಾರುವ ಒಡವೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೊ ಸಂಸ್ಥಾನಕ್ಕೆ ಸ್ಯಾಂಟಾ ಫೆ ರಾಜಧಾನಿ. ಸಮುದ್ರಮಟ್ಟದಿಂದ ೭೦೦೦ ಅಡಿಗೂ ಮಿಕ್ಕ ಎತ್ತರದಲ್ಲಿ, ಕುರುಚಲು ಗಿಡಗಳ ಒಣ ಬೆಟ್ಟಗಳ ನಡುವೆ, ಮಣ್ಣಿನ ಬಣ್ಣದ ಗೋಡೆಗಳಿಂದ ಕೂಡಿದ ಈ ಪಟ್ಟಣವು ರಾಜಧಾನಿಯೆಂಬ ಗದ್ದಲವಿಲ್ಲದೆ ತನ್ನ ಪಾಡಿಗೆ ತಾನಿರತಕ್ಕ ಊರು. ಆದರೆ ಆಗಸ್ಟ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ಅದರ ನಡುಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲ ಬೀದಿಗಳಿಗೆ ವಾಹನಗಳ ಪ್ರವೇಶ ನಿಲ್ಲುತ್ತದೆ. ಬೀದಿಗಳ ಉದ್ದಕ್ಕೂ ಬಟ್ಟೆಯ ಡೇರೆಗಳು ಏಳುತ್ತವೆ. ಸುಮಾರು ಒಂದು ಸಾವಿರ ಮಂದಿ ಕಲಾವಿದರು ತಮ್ಮ ತಮ್ಮ ಕೈಕೆಲಸವನ್ನು ಅಲ್ಲಿ ಹರಡಿಕೊಂಡು ನಿಲ್ಲುತ್ತಾರೆ. ಮಡಕೆ, ಚಿತ್ರ, ಬುಟ್ಟಿ, ಕಂಬಳಿ, ಮರದ ಬೊಂಬೆ ಎಲ್ಲವೂ ಇವೆ. ಆದರೆ ಬಂದವರ ಕಣ್ಣನ್ನು ಮೊದಲು ಸೆಳೆಯುವುದು ಒಡವೆ. ಸಂತೆಯ ಬಹುಮಾನದ ಪಟ್ಟಿಯಲ್ಲಿಯೂ ಒಡವೆಗೇ ಮೊದಲ ವರ್ಗದ ಸ್ಥಾನ.

ಈ ಸಂತೆಯ ಹೆಸರು ಸ್ಯಾಂಟಾ ಫೆ ಇಂಡಿಯನ್ ಮಾರ್ಕೆಟ್. ಹೆಸರಿನಲ್ಲಿರುವ ಇಂಡಿಯನ್ನರಿಗೂ ಭಾರತಕ್ಕೂ ಸಂಬಂಧವಿಲ್ಲವೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಇಂಡಿಯಾವನ್ನು ಹುಡುಕಹೊರಟ ಕೊಲಂಬಸನ ತಪ್ಪು ಐದು ಶತಮಾನಗಳಾದರೂ ಆ ಜನರ ಬೆನ್ನು ಬಿಟ್ಟಿಲ್ಲ. ಅವರು ಅಮೆರಿಕದ ಮೂಲನಿವಾಸಿಗಳು. ನವಾಹೊ, ಹೋಪಿ, ಜೂನಿ, ಕೇವಾ ಎಂದು ಅವರವರ ಕುಲಗಳಿಗೆ ಬೇರೆ ಬೇರೆ ಹೆಸರುಗಳುಂಟು, ಬೇರೆ ಬೇರೆ ಭಾಷೆಗಳುಂಟು. ಈ ಸಂತೆಯಲ್ಲಿ ಮಳಿಗೆ ಹಾಕುವ ಹಕ್ಕು ಇವರಿಗೆ ಮಾತ್ರ. ಅದರಲ್ಲಿಯೂ ಒಂದು ಕಟ್ಟು: ಮಾಡಿದವರೇ ಬಂದು ನಿಲ್ಲಬೇಕು. ಅಂಗಡಿಯವನನ್ನು ಕಳುಹಿಸುವಂತಿಲ್ಲ, ಕೊಂಡು ತಂದು ಮಾರುವಂತಿಲ್ಲ. ಕಡಗವನ್ನು ಕೈಯಲ್ಲಿ ಹಿಡಿದು, ಈ ಕಲ್ಲು ಎಲ್ಲಿಯದು, ಈ ಬೆಸುಗೆಯನ್ನು ಹೇಗೆ ಹಾಕಿದಿರಿ ಎಂದು ಕೇಳಿದರೆ, ಆ ಬೆಸುಗೆ ಹಾಕಿದ ಕೈಯವರೇ ಉತ್ತರ ಕೊಡಬೇಕು.

ಕೇಳಲು ಸರಳವಾದ ಕಟ್ಟು. ಆದರೆ ಇದು ನೆಲೆಗೊಳ್ಳಲು ಹಿಡಿದ ಕಾಲ, ಇದರ ಸುತ್ತ ನಡೆದ ಜಗಳ, ಇದನ್ನು ಮುರಿಯಲು ನಡೆದ ಮೋಸ ಇವೆಲ್ಲವನ್ನೂ ನೋಡಿದರೆ, ಒಂದು ಬೆಳ್ಳಿಯ ಕಡಗದ ಹಿಂದೆ ಎಷ್ಟು ದೊಡ್ಡ ಚರಿತ್ರೆ ನಿಂತಿದೆಯೆಂದು ಆಶ್ಚರ್ಯವಾಗುತ್ತದೆ.

ಕುದುರೆ ಕೊಟ್ಟು ಕಲಿತ ವಿದ್ಯೆ

ಬೆಳ್ಳಿಗೆಲಸ ಆ ನಾಡಿನಲ್ಲಿ ಬಹು ಪ್ರಾಚೀನವಾದುದಲ್ಲ. ಕಲ್ಲಿನ ಕೆಲಸ ಮಾತ್ರ ಪ್ರಾಚೀನ. ನಮ್ಮ ರತ್ನದ ವ್ಯಾಪಾರಿಗಳು ಫಿರೋಜಾ ಎಂದು ಕರೆಯುವ, ಆಕಾಶದ ನೀಲಿಗೂ ಎಲೆಯ ಹಸುರಿಗೂ ನಡುವಣ ಬಣ್ಣದ ಕಲ್ಲು ಸ್ಯಾಂಟಾ ಫೆಯ ದಕ್ಷಿಣಕ್ಕಿರುವ ಸೆರಿಯೊಸ್ ಬೆಟ್ಟಗಳಲ್ಲಿ ದೊರೆಯುತ್ತದೆ. ಸಾವಿರ ವರ್ಷಗಳಿಗೂ ಹಿಂದಿನಿಂದ ಆ ಸೀಮೆಯ ಜನ ಕಲ್ಲಿನ ಸುತ್ತಿಗೆಯಿಂದಲೇ ಬಂಡೆಯನ್ನು ಒಡೆದು ಅದನ್ನು ತೆಗೆಯುತ್ತಿದ್ದರು. ಸಮುದ್ರ ದೂರ, ಆದರೂ ಕ್ಯಾಲಿಫೋರ್ನಿಯ ಕೊಲ್ಲಿಯ ಚಿಪ್ಪುಗಳು ಕೈಯಿಂದ ಕೈಗೆ ದಾಟಿ ಬಂದು ಇಲ್ಲಿ ಮಣಿಗಳಾಗುತ್ತಿದ್ದವು.

ಬೆಳ್ಳಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ನವಾಹೊ ಜನರಲ್ಲಿ ಮೊದಲ ಬೆಳ್ಳಿಗೆಲಸಗಾರನೆಂದು ಹೆಸರಾದವನು ಅತ್ಸಿದಿ ಸಾನಿ. ಅದು ಹೆಸರೂ ಹೌದು, ಬಿರುದೂ ಹೌದು; ‘ಮುದುಕ ಕಮ್ಮಾರ’ ಎಂದು ಅದರ ಅರ್ಥ. ಮೆಕ್ಸಿಕೊ ದೇಶದ ಒಬ್ಬ ಕಮ್ಮಾರನಿಂದ ಈತನು ಕಬ್ಬಿಣದ ಕೆಲಸವನ್ನು ಕಲಿತದ್ದು ಕುದುರೆಯ ಕಡಿವಾಣ ಮಾಡುವುದಕ್ಕಾಗಿ. ಬೆಳ್ಳಿಗೆ ಕೈ ಹಾಕಿದ್ದು ಆಮೇಲೆ. ಈ ನಡುವೆ ಆ ಜನರ ಮೇಲೆ ಒಂದು ಮಹಾವಿಪತ್ತು ಎರಗಿತು. ೧೮೬೪ರಲ್ಲಿ ಅಮೆರಿಕದ ಸೈನ್ಯ ಎಂಟು ಸಾವಿರಕ್ಕೂ ಹೆಚ್ಚು ನವಾಹೊಗಳನ್ನು ಅವರ ನೆಲದಿಂದ ಹೊರಡಿಸಿ, ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. ದಾರಿಯಲ್ಲಿ ಸತ್ತವರೆಷ್ಟೋ, ಅಲ್ಲಿ ಹಸಿವೆಯಿಂದ ಸತ್ತವರೆಷ್ಟೋ. ೧೮೬೮ರ ಒಪ್ಪಂದದಿಂದ ಹಿಂತಿರುಗಿದವರು ಬರಿಗೈಯವರು. ಆ ಬರಿಗೈಗಳಲ್ಲಿಯೇ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಬೆಳ್ಳಿಗೆಲಸ ಬೆಳೆಯಿತು.

ಅಲ್ಲಿಂದ ಅದು ನೆರೆಯ ಕುಲಗಳಿಗೆ ಹೋಯಿತು. ಸುಮಾರು ೧೮೭೨ರಲ್ಲಿ ಜೂನಿ ಕುಲದ ಲಾನ್ಯಾದೆ ಎಂಬುವನು ಅತ್ಸಿದಿ ಚೋನ್ ಎಂಬ ನವಾಹೊ ಕೆಲಸಗಾರನಿಂದ ಈ ವಿದ್ಯೆಯನ್ನು ಪಡೆದ. ಗುರುದಕ್ಷಿಣೆಯಾಗಿ ಒಂದು ಒಳ್ಳೆಯ ಕುದುರೆಯನ್ನು ಕೊಟ್ಟನೆಂದು ಹೇಳುತ್ತಾರೆ. ಇದೇ ಲಾನ್ಯಾದೆ ೧೮೯೮ರಲ್ಲಿ ಹೋಪಿ ಕುಲದ ಸಿಕ್ಯಾತಾಲ ಎಂಬುವನಿಗೆ ಕಲಿಸಿದ. ಹೀಗೆ ಒಂದು ಕುಲದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಕೆಲಸದ ರೀತಿ ಬದಲಾಯಿತು. ಇಂದು ಸಂತೆಯಲ್ಲಿ ತಿರುಗಾಡುವ ತಿಳಿದವರು ದೂರದಿಂದಲೇ ಇದು ನವಾಹೊ, ಇದು ಜೂನಿ ಎಂದು ಗುರುತಿಸುವುದು ಈ ರೀತಿಗಳಿಂದ.

ನವಾಹೊ ಒಡವೆಯಲ್ಲಿ ಬೆಳ್ಳಿಯೇ ಪ್ರಧಾನ. ಅವರ ಎರಕದ ಕ್ರಮ ವಿಚಿತ್ರವಾದುದು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ, ಚಾಕುವಿನಿಂದ ಕೆತ್ತಬಹುದಾದಷ್ಟು ಮೆದುವಾದ ಒಂದು ಕಲ್ಲುಂಟು. ಅದನ್ನು ಎರಡು ಹಲಗೆಗಳಾಗಿ ಕೊಯ್ದು, ಒಂದಕ್ಕೊಂದು ಸಮವಾಗಿ ಕೂರುವಂತೆ ಉಜ್ಜುತ್ತಾರೆ. ಒಂದರಲ್ಲಿ ಬೇಕಾದ ಆಕೃತಿಯನ್ನು ತಗ್ಗಾಗಿ ಕೆತ್ತುತ್ತಾರೆ. ಕರಗಿದ ಬೆಳ್ಳಿ ಇಳಿಯಲು ಒಂದು ಕಾಲುವೆ, ಒಳಗಿನ ಗಾಳಿ ಹೊರಹೋಗಲು ಸಣ್ಣ ಸಣ್ಣ ಗೀರುಗಳು. ಆಮೇಲೆ ಆ ಹೊಂಡವನ್ನು ದೀಪದ ಮಸಿಯಿಂದ ಕಪ್ಪಾಗಿಸುತ್ತಾರೆ. ಮಸಿ ಹಿಡಿದ ಮೈಯ ಮೇಲೆ ಬೆಳ್ಳಿ ತಡೆಯಿಲ್ಲದೆ ಹರಿಯುತ್ತದೆಯಂತೆ. ಎರಡು ಹಲಗೆಗಳನ್ನೂ ಬಿಗಿಯಾಗಿ ಕಟ್ಟಿ ಮೂಸೆಯಿಂದ ಬೆಳ್ಳಿಯನ್ನು ಹೊಯ್ದರೆ ಒಂದು ಗಳಿಗೆಯಲ್ಲಿ ಎರಕ ಸಿದ್ಧ. ಆದರೆ ಒರಟು. ಅದನ್ನು ಅರದಿಂದ ರಾವಿ, ಉಜ್ಜಿ, ಕೈಮಣಿಕಟ್ಟಿಗೆ ಬಗ್ಗಿಸಿ, ಹೊಳಪು ಕೊಡುವುದು ದಿನಗಟ್ಟಲೆಯ ಕೆಲಸ. ಮೆದುಗಲ್ಲಿನ ಅಚ್ಚು ಹಲವು ಎರಕಗಳನ್ನು ತಾಳುವುದಿಲ್ಲ. ಬಿರಿದುಹೋದರೆ ಮತ್ತೆ ಮೊದಲಿಂದ ಕೆತ್ತಬೇಕು. ಇನ್ನು ತಗಡಿನ ಮೇಲೆ ಹೂಬಳ್ಳಿ ಮೂಡಿಸುವ ಉಕ್ಕಿನ ಠಸ್ಸೆಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಹಳೆಯ ಅರ, ಮುರಿದ ಬೋಲ್ಟು, ರೈಲುಹಳಿಯ ಮೊಳೆ, ಏನು ಸಿಕ್ಕಿದರೂ ಅದರ ತುದಿ ಒಂದು ಠಸ್ಸೆ.

ಜೂನಿಗಳ ಕೈಯಲ್ಲಿ ಕಲ್ಲಿಗೆ ಹಿರಿಮೆ. ಜೀರಿಗೆಕಾಳಿನಷ್ಟು ಸಣ್ಣದಾಗಿ, ಎರಡೂ ತುದಿ ಚೂಪಾಗಿ ತೇಯ್ದ ಫಿರೋಜಾ ಚೂರುಗಳನ್ನು ಹತ್ತಾರಾಗಿ, ನೂರಾರಾಗಿ, ಒಂದೊಂದಕ್ಕೂ ಬೇರೆ ಬೇರೆ ಬೆಳ್ಳಿಯ ಮನೆ ಕಟ್ಟಿ ಕೂರಿಸುತ್ತಾರೆ. ಗಂಡ ಬೆಳ್ಳಿಯ ಕೆಲಸ, ಹೆಂಡತಿ ಕಲ್ಲಿನ ಕೆಲಸ ಎಂದು ಹಂಚಿಕೊಂಡು ಒಂದೇ ಮೇಜಿನ ಮುಂದೆ ದುಡಿಯುವ ಮನೆಗಳು ಅಲ್ಲಿ ಅಪರೂಪವಲ್ಲ. ಕೇವಾ ಊರಿನವರು ಮಣಿಗಾರರು. ಚಿಪ್ಪನ್ನು ಚೂರು ಮಾಡಿ, ಪ್ರತಿ ಚೂರಿಗೂ ತೂತು ಕೊರೆದು, ತಂತಿಗೆ ಪೋಣಿಸಿ, ಇಡೀ ಸರವನ್ನು ಕಲ್ಲಿಗೆ ಹಿಡಿದು ಉರುಳಿಸಿ ಉರುಳಿಸಿ ತೇಯುತ್ತಾರೆ. ಕಡೆಗೆ ದಾರದಷ್ಟು ನಯವಾದ, ಹಾವಿನ ಮೈಯಂತೆ ಕೈಯಲ್ಲಿ ಜಾರುವ ಸರ ಉಳಿಯುತ್ತದೆ. ಒಳ್ಳೆಯ ಸರದ ಪರೀಕ್ಷೆಗೆ ಕಣ್ಣು ಬೇಡ. ಬೆರಳುಗಳ ನಡುವೆ ಎಳೆದು ನೋಡಿದರೆ ಸಾಕು.

ಗಿರವಿಯಿಂದ ಗಿರಾಕಿಗೆ

ಒಡವೆಯೆಂದರೆ ಅಲಂಕಾರ ಮಾತ್ರವಲ್ಲ, ಕಷ್ಟಕಾಲಕ್ಕೆ ಇಟ್ಟುಕೊಂಡ ಗಂಟು ಎಂಬುದನ್ನು ಕನ್ನಡದ ಯಾವ ಮನೆಯಲ್ಲಿಯೂ ವಿವರಿಸಿ ಹೇಳಬೇಕಾಗಿಲ್ಲ. ನವಾಹೊಗಳಲ್ಲಿಯೂ ಹಾಗೆಯೇ. ಕುರಿಯ ತುಪ್ಪಟವನ್ನು ಮಾರುವ ಕಾಲ ಬರುವವರೆಗೆ ಮನೆಯ ಖರ್ಚಿಗೆ ಅವರು ತಮ್ಮ ಬೆಳ್ಳಿಯ ಸೊಂಟಪಟ್ಟಿಯನ್ನೋ ಕಲ್ಲಿನ ಹಾರವನ್ನೋ ಸಮೀಪದ ವ್ಯಾಪಾರಿಯ ಅಂಗಡಿಯಲ್ಲಿ ಗಿರವಿ ಇಡುತ್ತಿದ್ದರು. ಉತ್ಸವದ ದಿನ ಬಂದರೆ ಅದನ್ನೇ ಕಡ ತಂದು ತೊಟ್ಟು ಮತ್ತೆ ತಂದಿಡುವುದೂ ಉಂಟಾಗಿತ್ತು. ಬಿಡಿಸಿಕೊಳ್ಳಲಾಗದೆ ಮುಳುಗಿಹೋದ ಒಡವೆಗೆ ‘ಸತ್ತ ಗಿರವಿ’ ಎಂಬ ಹೆಸರು ಬಿದ್ದಿತು. ವ್ಯಾಪಾರಿ ಅದನ್ನು ಹೊರಗಿನವರಿಗೆ ಮಾರುತ್ತಿದ್ದ. ಇಂದು ಹಳೆಯ ಒಡವೆಗಳ ಸಂಗ್ರಾಹಕರು ‘ಸತ್ತ ಗಿರವಿ’ ಎಂಬ ಮಾತನ್ನು ಕೇಳಿದರೆ ಕಿವಿ ನಿಮಿರಿಸುತ್ತಾರೆ. ತನ್ನ ಮೈಗೆಂದು ಮಾಡಿಸಿಕೊಂಡ ಒಡವೆ ಗಟ್ಟಿಯಾಗಿಯೂ ತೂಕವಾಗಿಯೂ ಇರುವುದೆಂಬ ನಂಬಿಕೆ ಅವರದು. ಯಾರದೋ ಮನೆಯ ಬಡತನ ಇನ್ನಾರದೋ ಮನೆಯ ಗಾಜಿನ ಬೀರುವಿನಲ್ಲಿ ಹೆಮ್ಮೆಯ ವಸ್ತುವಾದದ್ದು ಹೀಗೆ.

ಈ ಒಡವೆಯನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ರೈಲು. ಸ್ಯಾಂಟಾ ಫೆ ರೈಲ್ವೆಯ ಉದ್ದಕ್ಕೂ ಹೋಟೆಲುಗಳನ್ನು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ೧೮೯೯ರಿಂದ ಪ್ರವಾಸಿಗಳಿಗೆಂದೇ ಹಗುರವಾದ ಕಡಗ, ಉಂಗುರಗಳನ್ನು ಮಾಡಿಸತೊಡಗಿತು. ಬೆಳ್ಳಿಯನ್ನೂ ಕೊಯ್ದ ಕಲ್ಲನ್ನೂ ಕಂಪನಿಯೇ ಒದಗಿಸುವುದು, ಕೆಲಸಗಾರನಿಗೆ ಕೂಲಿ. ತಾನು ತೊಡುವುದಕ್ಕೆ ತನ್ನವರು ಮಾಡಿದ ಒಡವೆ ಒಂದು, ಗೊತ್ತಿಲ್ಲದವರಿಗೆ ಮಾರುವುದಕ್ಕೆಂದು ಮಾಡಿದ ಒಡವೆ ಇನ್ನೊಂದು ಎಂಬ ಭೇದ ಅಲ್ಲಿಂದ ಹುಟ್ಟಿತು. ಬೇಡಿಕೆ ಬೆಳೆದಂತೆ ಡೆನ್ವರ್, ಆಲ್ಬುಕರ್ಕಿ ಪಟ್ಟಣಗಳಲ್ಲಿ ಯಂತ್ರದಿಂದ ಒತ್ತಿದ ತಗಡಿನ ಒಡವೆಗಳೂ ಬಂದವು. ಅವುಗಳ ಮೇಲೆ ಬಾಣ, ಹಕ್ಕಿ, ಮಿಂಚು ಮೊದಲಾದ ಚಿಹ್ನೆಗಳು. ಪಕ್ಕದಲ್ಲಿ ಅವುಗಳ ಅರ್ಥವನ್ನು ತಿಳಿಸುವ ಚೀಟಿ. ಆ ಅರ್ಥಗಳಲ್ಲಿ ಎಷ್ಟೋ ಅಂಗಡಿಯವರೇ ಹೊಸೆದವು. ಗಿರಾಕಿಗೆ ಕಥೆ ಬೇಕಾಗಿತ್ತು, ಕಥೆ ಸಿಕ್ಕಿತು.

ಹೆಸರಿಲ್ಲದ ಕೈಗಳು

ಸ್ಯಾಂಟಾ ಫೆಯ ಸಂತೆ ಮೊದಲು ನೆರೆದದ್ದು ೧೯೨೨ರಲ್ಲಿ. ನ್ಯೂ ಮೆಕ್ಸಿಕೊ ವಸ್ತುಸಂಗ್ರಹಾಲಯದವರು, ಊರಿನ ಹಬ್ಬದ ಜೊತೆಗೆ, ಇಂಡಿಯನ್ನರ ಕರಕುಶಲ ಪ್ರದರ್ಶನವೆಂದು ಅದನ್ನು ಏರ್ಪಡಿಸಿದರು. ಅವರ ಉದ್ದೇಶ ಒಳ್ಳೆಯದೇ. ಪ್ರವಾಸಿಯ ಚಿಲ್ಲರೆ ಹಣದ ಆಸೆಗೆ ಕೆಲಸ ಕೆಡುತ್ತಿದೆ, ಹಳೆಯ ಅಚ್ಚುಕಟ್ಟು ಹೋಗುತ್ತಿದೆ, ಬಹುಮಾನ ಕೊಟ್ಟು ಅದನ್ನು ಉಳಿಸಬೇಕು ಎಂಬುದು ಅವರ ಯೋಚನೆ. ಆದರೆ ಆ ಪ್ರದರ್ಶನ ನಡೆದದ್ದು ಛಾವಣಿಯ ಕೆಳಗೆ, ಮಾರುತ್ತಿದ್ದವರು ವಸ್ತುಸಂಗ್ರಹಾಲಯದ ಕಡೆಯವರು. ಯಾವುದು ಚೆನ್ನ, ಯಾವುದು ಹಳೆಯ ಸಂಪ್ರದಾಯ, ಯಾವುದಕ್ಕೆ ಬಹುಮಾನ ಎಂದು ನಿರ್ಣಯಿಸುತ್ತಿದ್ದವರೂ ಬಿಳಿಯರೇ. ಮಾಡಿದವನು ಬದಿಗೆ ಸರಿದಿದ್ದ.

೧೯೩೬ರಲ್ಲಿ ಇದು ತಿರುಗಿತು. ಆಗ ಇಂಡಿಯನ್ನರ ಹಿತಕ್ಕಾಗಿ ದುಡಿಯುತ್ತಿದ್ದ ಒಂದು ಸಂಘದಲ್ಲಿ ಮರಿಯಾ ಶಾಬೋ ಎಂಬ ತರುಣಿ ಕೆಲಸಕ್ಕೆ ಸೇರಿದ್ದರು. ಮೆಕ್ಸಿಕೊ ದೇಶದ ಊರೂರಿನ ವಾರದ ಸಂತೆಗಳನ್ನು ಅವರು ಕಣ್ಣಾರೆ ಕಂಡವರು. ಅಲ್ಲಿ ಮಡಕೆ ಮಾಡಿದವಳೇ ಮಡಕೆಯ ಹಿಂದೆ ಕೂರುತ್ತಾಳೆ, ಇಲ್ಲಿಯೂ ಹಾಗೇಕಾಗಬಾರದು? ಚೌಕದ ಉತ್ತರಕ್ಕೆ ‘ಗವರ್ನರುಗಳ ಅರಮನೆ’ ಎಂಬ, ೧೬೧೦ರ ಸುಮಾರಿನ ಉದ್ದನೆಯ ಮಣ್ಣಿನ ಕಟ್ಟಡವಿದೆ. ಅದರ ಮುಂದಿನ ಕೈಸಾಲೆಯ ನೆರಳಿನಲ್ಲಿ ಬೇಸಗೆಯ ಶನಿವಾರಗಳಂದು ಸಂತೆ ಸೇರತೊಡಗಿತು. ಸುತ್ತಲ ಹಳ್ಳಿಗಳಿಂದ ಜನರನ್ನು ಕರೆತರಲು ಬಸ್ಸಿನ ಏರ್ಪಾಡೂ ಆಯಿತು. ಕೊಳ್ಳುವವರೂ ಮಾಡಿದವರೂ ಮುಖಾಮುಖಿಯಾದದ್ದು ಅಂದಿನಿಂದ. ಬೆಲೆ ಹೇಳುವ ಬಾಯಿ ಮಾಡಿದವನದೇ ಆಯಿತು. ಹಣವೂ ನೇರವಾಗಿ ಅವನ ಕೈಗೇ ಬಂದಿತು. ಮುಂದೆ ೧೯೬೨ರಲ್ಲಿ ವರ್ಷಕ್ಕೊಮ್ಮೆಯ ಸಂತೆ ಕೈಸಾಲೆಯಿಂದ ಚೌಕಕ್ಕೆ ಇಳಿಯಿತು. ಆಮೇಲೆ ಬೀದಿಗಳಿಗೂ ಹರಡಿತು.

ಕೈಸಾಲೆಯ ವ್ಯಾಪಾರ ಬೇರೆಯಾಗಿ ಇಂದಿಗೂ ದಿನದಿನವೂ ನಡೆಯುತ್ತಿದೆ. ಅಲ್ಲಿ ಜಾಗಕ್ಕೆ ಬೆಳಿಗ್ಗೆ ಚೀಟಿ ಎತ್ತುತ್ತಾರೆ. ಮಾರುವ ಪ್ರತಿ ಒಡವೆಯ ಮೇಲೂ ಮಾಡಿದವರ ಗುರುತಿರಬೇಕೆಂಬುದು ಕಡ್ಡಾಯ. ಈ ಕೈಸಾಲೆಯ ಮೇಲೊಂದು ವ್ಯಾಜ್ಯವೂ ನಡೆಯಿತು. ತಾವೇ ಕೈಯಿಂದ ಒಡವೆ ಮಾಡುತ್ತಿದ್ದ ಬಿಳಿಯ ದಂಪತಿಗಳು, ತಮಗೂ ಅಲ್ಲಿ ಕೂರುವ ಹಕ್ಕು ಬೇಕು, ಕುಲ ನೋಡಿ ಜಾಗ ಕೊಡುವುದು ಅನ್ಯಾಯ ಎಂದು ನ್ಯಾಯಾಲಯಕ್ಕೆ ಹೋದರು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಅವರದೂ ಕೈಕೆಲಸವೇ. ಆದರೆ ೧೯೭೯ರಲ್ಲಿ ಮೇಲ್ಮನವಿಯ ನ್ಯಾಯಾಲಯ ವಸ್ತುಸಂಗ್ರಹಾಲಯದ ಪರವಾಗಿ ತೀರ್ಪಿತ್ತಿತು. ಅಲ್ಲಿ ನಡೆಯುವುದು ಬರಿಯ ವ್ಯಾಪಾರವಲ್ಲ, ಒಂದು ಪರಂಪರೆಯ ದರ್ಶನ ಎಂಬ ನೋಟವೇ ಗೆದ್ದಿತು.

ಖೋಟಾ ಬೆಳ್ಳಿಗಿಂತ ಖೋಟಾ ಹೆಸರು

ಒರೆಗಲ್ಲಿಗೆ ಉಜ್ಜಿ ಚಿನ್ನದ ಬಣ್ಣವನ್ನು ನೋಡಬಹುದು. ಮಾಡಿದವರು ಯಾರೆಂಬುದನ್ನು ಯಾವ ಒರೆಗಲ್ಲು ಹೇಳೀತು? ನವಾಹೊ ಕಡಗಕ್ಕೆ ಗಿರಾಕಿ ಕೊಡುವ ಬೆಲೆಯಲ್ಲಿ ಬೆಳ್ಳಿಯ ಪಾಲು ಅಲ್ಪ. ಹೆಚ್ಚಿನದೆಲ್ಲ ಆ ಕೈಗೆ, ಆ ಹೆಸರಿಗೆ ಸಲ್ಲುವ ಬೆಲೆ. ನಮ್ಮಲ್ಲಿ ಒಡವೆಯನ್ನು ತಕ್ಕಡಿಗೆ ಹಾಕಿ, ಅಂದಿನ ಧಾರಣೆಗೆ ಗುಣಿಸಿ, ಮಜೂರಿಯನ್ನು ಕೊನೆಗೆ ಕೂಡಿಸಿ ಅದಕ್ಕೂ ಚೌಕಾಸಿ ಮಾಡುವ ಗೃಹಿಣಿಯರಿಗೆ ಈ ಲೆಕ್ಕ ತಲೆಕೆಳಗಾಗಿ ತೋರೀತು. ಅಲ್ಲಿ ಮಜೂರಿಯೇ ಒಡವೆ. ಹಾಗಿರುವುದರಿಂದಲೇ ಅಲ್ಲಿ ಮೋಸಗಾರನು ಬೆಳ್ಳಿಗೆ ತವರ ಬೆರೆಸುವ ತಂಟೆಗೆ ಹೋಗಬೇಕಾಗಿಲ್ಲ. ಶುದ್ಧ ಬೆಳ್ಳಿಯಲ್ಲಿಯೇ, ಬೇರೆಲ್ಲೋ ಅಗ್ಗದ ಕೂಲಿಗೆ ಮಾಡಿಸಿ ತಂದು, ಕುಲದ ಹೆಸರನ್ನು ಹೇಳಿ ಮಾರಿದರೆ ಸಾಕು.

ಇದನ್ನು ತಡೆಯಲು ಅಮೆರಿಕ ಸರಕಾರ ೧೯೩೫ರಲ್ಲಿ ಇಂಡಿಯನ್ನರ ಕಲೆ ಮತ್ತು ಕುಶಲಕೆಲಸಗಳ ಮಂಡಳಿಯೊಂದನ್ನು ಸ್ಥಾಪಿಸಿತು. ಕಾನೂನು ಇದ್ದರೂ ಹಲ್ಲಿರಲಿಲ್ಲ. ೧೯೯೦ರಲ್ಲಿ ಬಂದ ಹೊಸ ಕಾನೂನು ಹಲ್ಲು ಕೊಟ್ಟಿತು: ಮೂಲನಿವಾಸಿಯಲ್ಲದವನು ಮಾಡಿದ ವಸ್ತುವನ್ನು ಮೂಲನಿವಾಸಿಯ ಕೆಲಸವೆಂದು ಮಾರಿದ ವ್ಯಕ್ತಿಗೆ ಮೊದಲ ಅಪರಾಧಕ್ಕೇ ೨,೫೦,೦೦೦ ಡಾಲರುಗಳವರೆಗೆ ದಂಡ, ೫ ವರ್ಷಗಳವರೆಗೆ ಸೆರೆ, ಅಥವಾ ಎರಡೂ. ಆದರೂ ಕಾನೂನಿನ ಕೈ ನಿಧಾನ. ೨೦೧೫ರಲ್ಲಿ ಅಧಿಕಾರಿಗಳು ನಡೆಸಿದ ದೊಡ್ಡ ಶೋಧದಲ್ಲಿ, ಫಿಲಿಪೈನ್ಸ್ ದೇಶದಲ್ಲಿ ಮಾಡಿಸಿದ ಒಡವೆಗಳು ನವಾಹೊ, ಜೂನಿ ಎಂಬ ಹೆಸರಿನಲ್ಲಿ ನ್ಯೂ ಮೆಕ್ಸಿಕೊದ ಅಂಗಡಿಗಳಿಗೆ ಬರುತ್ತಿದ್ದ ಜಾಲ ಬಯಲಿಗೆ ಬಂದಿತು. ೨೦೧೮ರಲ್ಲಿ ಒಬ್ಬ ವ್ಯಾಪಾರಿಗೆ ಶಿಕ್ಷೆಯಾಯಿತು. ೬ ತಿಂಗಳ ಸೆರೆ. ಐದು ವರ್ಷವೆಲ್ಲಿ, ಆರು ತಿಂಗಳೆಲ್ಲಿ! ಈ ಮೋಸದಿಂದ ನಷ್ಟವಾಗುವುದು ಕೊಂಡು ಬೇಸ್ತುಬಿದ್ದವನಿಗೆ ಮಾತ್ರವಲ್ಲ. ಒಂದು ವಾರ ಕುಳಿತು ಮಾಡಿದ ಕಡಗಕ್ಕೆ ನ್ಯಾಯವಾದ ಬೆಲೆ ಹೇಳಿದಾಗ, ‘ಅಲ್ಲಿ ಅಂಗಡಿಯಲ್ಲಿ ಇದರ ಅರ್ಧಕ್ಕೆ ಕೊಡುತ್ತಾರಲ್ಲ!’ ಎಂಬ ಮಾತನ್ನು ಕೇಳಿಸಿಕೊಳ್ಳಬೇಕಾದ ಕೆಲಸಗಾರನ ಅನ್ನಕ್ಕೆ ಅದು ಕಲ್ಲು.

ಬಯಲಿನ ಸಂತೆಯ ಬಲವಿರುವುದು ಇಲ್ಲಿಯೇ. ಅಲ್ಲಿ ಕಾನೂನಿನ ಪುಸ್ತಕ ಬೇಡ, ಪ್ರಮಾಣಪತ್ರ ಬೇಡ. ಎದುರಿಗೆ ನಿಂತವರ ಬೆರಳುಗಳಲ್ಲಿ ಸುಟ್ಟ ಕಲೆಗಳುಂಟು, ಉಗುರಿನಲ್ಲಿ ಹೊಳಪುಪುಡಿಯ ಕಪ್ಪುಂಟು.

ಎರಡು ದಿನದ ಒಕ್ಕಣೆ

ಆ ನಿಲುವಿನ ಹಿಂದಿರುವ ಪಾಡು ಮಾತ್ರ ಸುಲಭದ್ದಲ್ಲ. ಸಂತೆಗೆ ಬರಬಯಸುವವರು ಮೊದಲು ಕುಲದ ಸದಸ್ಯತ್ವವನ್ನು ತೋರಿಸಬೇಕು. ತಮ್ಮ ಕೆಲಸದ ಚಿತ್ರಗಳನ್ನು ಪರೀಕ್ಷಕರ ಮುಂದಿಡಬೇಕು. ಒಪ್ಪಿಗೆಯಾದರೆ ಮಳಿಗೆಗೆ ಬಾಡಿಗೆ. ಬೇರೆ ಕುಲದವರು ದೂರದ ಸಂಸ್ಥಾನಗಳಿಂದ ಗಾಡಿ ಓಡಿಸಿಕೊಂಡು ಬರಬೇಕು. ಆ ದಿನಗಳಲ್ಲಿ ಊರಿನ ಹೋಟೆಲುಗಳಲ್ಲಿ ಕೋಣೆ ಸಿಗುವುದೇ ಕಷ್ಟ. ಶುಕ್ರವಾರದ ಬಹುಮಾನದ ತೀರ್ಪಿಗೆ ತನ್ನ ಅತ್ಯುತ್ತಮ ಒಡವೆಯನ್ನು ಒಪ್ಪಿಸಿ ಕಾಯಬೇಕು. ಬಹುಮಾನದ ರಿಬ್ಬನ್ನು ಬಂದರೆ ಶನಿವಾರ ಬೆಳಕು ಹರಿಯುವ ಮೊದಲೇ ಮಳಿಗೆಯ ಮುಂದೆ ಸಂಗ್ರಾಹಕರ ಸಾಲು. ಇಂಥವರ ಮೊದಲ ಒಡವೆ ತನಗೇ ಬೇಕೆಂದು ರಾತ್ರಿಯೇ ಬಂದು ಕಾಯುವವರೂ ಉಂಟು.

ಬಾರದಿದ್ದರೆ? ಮೇಜಿನ ಮೇಲೆ ಮಕಮಲ್ಲು ಹಾಸಿ, ಉಂಗುರಗಳನ್ನು ಸಾಲಾಗಿ ಜೋಡಿಸಿ, ಬಂದವರಿಗೆಲ್ಲ ಮುಗುಳುನಗೆ ಬೀರುತ್ತ ಇಡೀ ದಿನ ನಿಲ್ಲಬೇಕು. ಎತ್ತರದ ನಾಡಿನ ಬಿಸಿಲು ತೀಕ್ಷ್ಣ. ಮಧ್ಯಾಹ್ನ ತಿರುಗಿದರೆ ಮಳೆ. ಆ ಒಣನಾಡಿಗೂ ಜುಲೈ ಆಗಸ್ಟಿನಲ್ಲಿ ಒಂದು ಮಳೆಗಾಲವಿದೆ, ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ನೋಡುತ್ತಿರುವಂತೆಯೇ ಬೆಟ್ಟದ ಕಡೆಯಿಂದ ಕಾರ್ಮುಗಿಲೆದ್ದು, ಗುಡುಗು, ಗಾಳಿ, ಒಂದು ಗಂಟೆಯ ಜಡಿಮಳೆ. ಡೇರೆಯ ಕಂಬವನ್ನು ಒಬ್ಬರು ಅಪ್ಪಿ ಹಿಡಿದರೆ, ಇನ್ನೊಬ್ಬರು ಒಡವೆಗಳನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಗಿರಾಕಿಗಳು ಓಡಿಹೋಗುತ್ತಾರೆ. ಎಲ್ಲರೂ ಹಿಂತಿರುಗುತ್ತಾರೆಂಬ ಭರವಸೆಯಿಲ್ಲ.

ಆದರೂ ಬರುತ್ತಾರೆ. ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಅರ್ಧದಷ್ಟು ಅಂಗಡಿಯವನ ಪಾಲು. ಇಲ್ಲಿ ಮಾರಿದ್ದೆಲ್ಲ ತಮ್ಮದು. ಎಷ್ಟೋ ಮನೆಗಳಿಗೆ ವರ್ಷದ ಆದಾಯದ ದೊಡ್ಡ ಭಾಗ ಈ ಎರಡು ದಿನಗಳಲ್ಲಿಯೇ ದೊರೆಯಬೇಕು. ರೈತನಿಗೆ ಸುಗ್ಗಿಯ ಕಣ ಹೇಗೋ ಹಾಗೆ. ಕಣದಲ್ಲಿ ಕಾಳಿರುವಾಗ ಮಳೆ ಬರಬಾರದು.

ಹಾಗೆಂದೇ ಮಳಿಗೆಯ ಜಾಗದ ಪ್ರಶ್ನೆ ಬಂದಾಗ ಮನಸ್ಸುಗಳು ಮುರಿದವು. ಹಲವು ವರ್ಷ ಬಂದ ಹಿರಿಯರಿಗೆ ಅವರ ಜಾಗ ಶಾಶ್ವತವೆಂಬ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ಗಿರಾಕಿಗಳಿಗೂ ಅದು ಗೊತ್ತು; ಇಂಥ ಮೂಲೆಯ, ಇಂಥ ಮರದ ಕೆಳಗೆ ಇಂಥವರು. ೨೦೧೮ರ ಸಂತೆಗೆ ವ್ಯವಸ್ಥಾಪಕ ಸಂಸ್ಥೆ ಈ ಪದ್ಧತಿಯನ್ನು ತೆಗೆದುಹಾಕಿತು. ಪ್ರತಿಯೊಬ್ಬರೂ ಪ್ರತಿವರ್ಷ ಪರೀಕ್ಷೆಗೆ ನಿಲ್ಲಬೇಕು, ಕಿರಿಯರಿಗೂ ಎಡೆಯಾಗಬೇಕು. ನ್ಯಾಯ ಎರಡು ಕಡೆಯೂ ಇದೆ. ಎಂದಾದರೊಂದು ದಿನ ಬಾಗಿಲು ತೆರೆಯದಿದ್ದರೆ ಕಿರಿಯರು ಎಲ್ಲಿಗೆ ಹೋಗಬೇಕು? ಆದರೆ ಬೆರಳು ಮರಗಟ್ಟುವ ವಯಸ್ಸಿನಲ್ಲಿ, ದಶಕಗಳ ಕಾಲ ನಿಂತ ಜಾಗಕ್ಕೆ ಅರ್ಜಿ ಹಾಕಿ ‘ಇಲ್ಲ’ ಎನ್ನಿಸಿಕೊಂಡವರ ನೋವು ಸಣ್ಣದಲ್ಲ. ಅದೇ ವರ್ಷ, ಅದೇ ಊರಿನಲ್ಲಿ, ಜಾಗ ತಪ್ಪಿದವರಿಗಾಗಿ ಬಾಡಿಗೆಯಿಲ್ಲದ ಇನ್ನೊಂದು ಸಂತೆ ಹುಟ್ಟಿಕೊಂಡಿತು. ೨೦೨೦ರಲ್ಲಿ ಮಹಾಮಾರಿಯ ಕಾರಣದಿಂದ ಚೌಕ ಬರಿದಾಗಿತ್ತು. ಒಡವೆಗಳನ್ನು ಗಣಕಯಂತ್ರದ ತೆರೆಯ ಮೇಲೆ ತೋರಿಸಿ ಮಾರಿದರು. ೨೦೨೨ರಲ್ಲಿ ನೂರನೆಯ ವರ್ಷದ ಸಂಭ್ರಮಕ್ಕೆ ಮತ್ತೆ ಬೀದಿಗಳು ತುಂಬಿದವು.

ಯಾವುದು ಅವರದು?

ಸಂತೆಯಲ್ಲಿ ಇನ್ನೊಂದು ಪ್ರಶ್ನೆ ಸದಾ ಸುಳಿದಾಡುತ್ತಿರುತ್ತದೆ. ಮಾಡಿದವರು ಮೂಲನಿವಾಸಿಗಳೇ ಸರಿ. ಮಾಡಿದ ವಸ್ತು ಮೂಲನಿವಾಸಿಯದಾಗಿ ಕಾಣಬೇಕೆ? ಹಳೆಯ ತೀರ್ಪುಗಾರರು ಕಾಣಬೇಕೆಂದರು. ಹೋಪಿ ಕುಲದ ಚಾರ್ಲ್ಸ್ ಲೊಲೋಮಾ ಇದನ್ನು ಅನುಭವಿಸಿದ ಕಲಾವಿದ. ೧೯೨೧ರಲ್ಲಿ ಹುಟ್ಟಿದ ಆತನು ಬೆಳ್ಳಿಯ ಜೊತೆಗೆ ಚಿನ್ನವನ್ನು ತಂದ. ಫಿರೋಜಾದ ಪಕ್ಕದಲ್ಲಿ ದಂತವನ್ನೂ ಮರವನ್ನೂ ಕೂರಿಸಿದ. ಕಡಗದ ಹೊರಮೈಯನ್ನು ಸರಳವಾಗಿ ಬಿಟ್ಟು, ತೊಟ್ಟವರಿಗೆ ಮಾತ್ರ ಗೊತ್ತಾಗುವಂತೆ ಒಳಮೈಗೆ ರತ್ನ ಹುದುಗಿಸಿದ. ನ್ಯೂ ಮೆಕ್ಸಿಕೊದಲ್ಲಿಯೇ ಗ್ಯಾಲಪ್ ಎಂಬ ಊರಿನ ಇಂಥದೇ ಬೇಸಗೆಯ ಉತ್ಸವಕ್ಕೆ ಆತನ ಕೆಲಸವನ್ನು ಮೂರು ಸಲ ಸೇರಿಸಿಕೊಳ್ಳಲಿಲ್ಲ. ಅದು ‘ಇಂಡಿಯನ್’ ಕಲೆಯಲ್ಲವೆಂಬುದು ಕಾರಣ. ೧೯೯೧ರಲ್ಲಿ ಆತನು ತೀರಿಕೊಳ್ಳುವ ಹೊತ್ತಿಗೆ ಆ ಕಡಗಗಳು ಜಗತ್ಪ್ರಸಿದ್ಧವಾಗಿದ್ದವು. ಇಂದು ಸಂತೆಯ ಕಿರಿಯರಲ್ಲಿ ಆತನ ದಾರಿ ಹಿಡಿಯದವರು ವಿರಳ.

ಇನ್ನು ಹೋಪಿಗಳ ಶುದ್ಧ ಸಂಪ್ರದಾಯವೆಂದು ಪ್ರವಾಸಿಗಳು ಮೆಚ್ಚಿ ಕೊಳ್ಳುವ ಜೋಡುತಗಡಿನ ಕೆಲಸವನ್ನು ನೋಡಿ. ಮೇಲಿನ ಬೆಳ್ಳಿತಗಡಿನಲ್ಲಿ ಚಿತ್ರವನ್ನು ಸಣ್ಣ ಗರಗಸದಿಂದ ಕೊರೆದು, ಕೆಳಗಿನ ತಗಡಿಗೆ ಬೆಸೆದು, ಕೆಳಗಿನದನ್ನು ಗಂಧಕದ ದ್ರವದಿಂದ ಕಪ್ಪಾಗಿಸುತ್ತಾರೆ. ಬಿಳಿಯ ಬೆಳ್ಳಿಯ ನಡುವೆ ಕಪ್ಪುಚಿತ್ರ ಮೂಡುತ್ತದೆ. ನೋಡಿದರೆ ಸಾವಿರ ವರ್ಷದ ಮಡಕೆಯ ಚಿತ್ತಾರದಂತಿದೆ. ಆದರೆ ಈ ರೀತಿಯ ಬೀಜ ಬಿದ್ದದ್ದು ಫ್ಲ್ಯಾಗ್‌ಸ್ಟಾಫ್ ಊರಿನ ಒಂದು ವಸ್ತುಸಂಗ್ರಹಾಲಯದಲ್ಲಿ, ೧೯೩೦ರ ದಶಕದ ಕೊನೆಯಲ್ಲಿ. ಬೆಳೆದದ್ದು ಎರಡನೆಯ ಮಹಾಯುದ್ಧದ ಅನಂತರ. ೧೯೪೭ರಲ್ಲಿ ಯುದ್ಧದಿಂದ ಹಿಂತಿರುಗಿದ ಹೋಪಿ ಸೈನಿಕರಿಗೆ ಪಾಲ್ ಸಾಫ್ಕಿ ಬೆಳ್ಳಿಗೆಲಸವನ್ನೂ, ಚಿತ್ರಕಾರ ಫ್ರೆಡ್ ಕಬೋಟಿ ಚಿತ್ತಾರವನ್ನೂ ಕಲಿಸಿದರು. ೧೯೪೯ರಲ್ಲಿ ಅವರದೇ ಕುಶಲಕರ್ಮಿಗಳ ಸಂಘ ಸ್ಥಾಪನೆಯಾಯಿತು. ಈ ಕಬೋಟಿಯವರು ೧೯೬೦ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸೌಹಾರ್ದ ಪ್ರತಿನಿಧಿಯಾಗಿ ಭಾರತಕ್ಕೂ ಬಂದಿದ್ದರು. ಕೊಲಂಬಸನು ತಲಪಲಾರದೆ ಹೋದ ದೇಶವನ್ನು, ಅವನಿಂದ ಇಂಡಿಯನ್ ಎನ್ನಿಸಿಕೊಂಡ ಜನರಲ್ಲೊಬ್ಬರು ಬಂದು ನೋಡಿದಂತಾಯಿತು.

ನವಾಹೊಗಳ ಹೆಸರಾದ ಕುಂಬಳಹೂವಿನ ಹಾರದ ಕಥೆಯೂ ಹೀಗೆಯೇ. ಆ ಹೂವು ನಿಜವಾಗಿ ಸ್ಪೇನಿನವರ ಉಡುಪಿನ ದಾಳಿಂಬೆಯ ಬೆಳ್ಳಿಗುಂಡಿ. ಹಾರದ ನಡುವೆ ತೂಗುವ ಅರ್ಧಚಂದ್ರ ಅರಬ್ಬರಿಂದ ಸ್ಪೇನಿಗೆ, ಸ್ಪೇನಿನಿಂದ ಮೆಕ್ಸಿಕೊಗೆ ಬಂದ ಕುದುರೆಯ ಹಣೆಪಟ್ಟಿ. ಇ‌ವೆರಡನ್ನೂ ಒಂದು ಸರದಲ್ಲಿ ಪೋಣಿಸಿ ತಮ್ಮದು ಮಾಡಿಕೊಂಡವರು ನವಾಹೊಗಳು.

ಕೇವಾ ಊರಿನ ಒಂದು ಬಗೆಯ ಹಾರವನ್ನಂತೂ ಹೇಳಲೇಬೇಕು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಬಡವರಿಗೆ ಒಳ್ಳೆಯ ಕಪ್ಪುಕಲ್ಲನ್ನೋ ಕೆಂಪು ಚಿಪ್ಪನ್ನೋ ಕೊಳ್ಳುವ ಶಕ್ತಿಯಿರಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಮೂಲೆಗೆ ಬಿಸಾಡಿದ ಮೋಟಾರು ಬ್ಯಾಟರಿಯ ಕಪ್ಪು ಕವಚವನ್ನು ಒಡೆದರು. ಸವೆದ ಗ್ರಾಮಫೋನ್ ತಟ್ಟೆಗಳನ್ನು ಕೊಯ್ದರು. ಕೆಂಪು ಬಣ್ಣಕ್ಕೆ ಮುರಿದ ಬಾಚಣಿಗೆ. ಅದರ ಮೇಲೆ ಉಳಿದ ಫಿರೋಜಾ ಚೂರುಗಳನ್ನು ಅಂಟಿಸಿ, ರೆಕ್ಕೆ ಬಿಚ್ಚಿದ ಗುಡುಗುಹಕ್ಕಿಯ ಪದಕ ಮಾಡಿ, ದಾರಿಯ ಬದಿಯಲ್ಲಿ ಪ್ರವಾಸಿಗಳಿಗೆ ಕೆಲವೇ ಕಾಸಿಗೆ ಮಾರಿದರು. ಬಹುಕಾಲ ತಿಳಿದವರು ಅದನ್ನು ಕಸವೆಂದೇ ಬಗೆದಿದ್ದರು. ಈಗ ಸಂಗ್ರಾಹಕರು ಆ ಹಾರಗಳನ್ನು ಹುಡುಕಿಕೊಂಡು ಹೋಗಿ ಬೆಲೆ ಕೊಟ್ಟು ಕೊಳ್ಳುತ್ತಾರೆ; ಪದಕವನ್ನು ಮಗುಚಿ, ಹಿಂಬದಿಯಲ್ಲಿ ಗ್ರಾಮಫೋನ್ ತಟ್ಟೆಯ ಗೀರುಗಳು ಇನ್ನೂ ಕಾಣುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ.